ಸಂಜೆಗೆ ಕಿತ್ತಿಡುವ ಕಂಬಗಳು

ಆಗಿನ ಚಳಿಗೆ ನಮ್ಮ ಮನೆಯಲ್ಲಿ ಸಾಕ್ಷಿ ಹೇಳುತ್ತಿದ್ದದ್ದು ತೆಂಗಿನೆಣ್ಣೆಯ ಬಾಟಲಿ. ಬೆಳಿಗ್ಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿದ್ದರೆ ಚಳಿಗಾಲ ಬಂತೆಂದೇ ಅರ್ಥ. ಅದನ್ನು ಬಚ್ಚಲೊಲೆಯ ಪಕ್ಕ ಇಟ್ಟು ಕರಗಿಸಿ, ಅಮ್ಮನಿಂದ ತಲೆಗೆ ತಟ್ಟಿಸಿಕೊಂಡು, ಬೇಯಿಸಿದ ಗೆಣಸನ್ನು ಲಂಗದ ಮಡಿಲಲ್ಲಿ ಕಟ್ಟಿಕೊಂಡು ನಾನು ಬೆಟ್ಟು ಗದ್ದೆಗೆ ಓಡುತ್ತಿದ್ದೆ. ವೇಣೂರಿನಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಿಂದ ಒಳಗೆ, ಎತ್ತರದಲ್ಲಿದ್ದ ಗದ್ದೆ ಅದು. ಮಳೆಯ ನೀರಿಗೆ ಒಂದೇ ಬೆಳೆ. ಕೊಯ್ಲು ಮುಗಿದರೆ ಮುಂದಿನ ಮಳೆಯವರೆಗೆ ಅದು ಆಡುವವರದ್ದು.

ಬೆಳಗಿನ ಮಂಜಿನಲ್ಲಿ ತರಗೆಲೆಗೆ ಬೆಂಕಿ ಹಾಕಿ ಕೈ ಕಾಯಿಸಿಕೊಂಡು ಹುಡುಗರು ವಾಲಿಬಾಲಿಗೆ ಇಳಿಯುತ್ತಿದ್ದರು. ಎರಡು ಅಡಿಕೆ ಮರದ ಕಂಬ, ನಡುವೆ ತೆಂಗಿನ ನಾರಿನ ಹಗ್ಗ. ಗದ್ದೆ ನಮ್ಮ ಮನೆಯದ್ದು, ಗೇಣಿಗೆ ಬೇಸಾಯ ಮಾಡುತ್ತಿದ್ದವನು ಮೋನಪ್ಪ. ಅವನ ಮಗ ಶೀನ ಹದಿನೇಳರ ಹುಡುಗ. ಅವನು ಹಾರಿ ಚೆಂಡಿಗೆ ಹೊಡೆದರೆ ಎದುರಿನವರು ಮುಖ ಮುಚ್ಚಿಕೊಳ್ಳುತ್ತಿದ್ದರು. ಹನ್ನೊಂದು ವರ್ಷದ ನಾನು ಬದುವಿನ ಮೇಲೆ ಕೂತು ಪಾಯಿಂಟು ಕೂಗುತ್ತಿದ್ದೆ. ಧಣಿಗಳ ಮನೆಯ ಹುಡುಗಿ ಎಂದು ಅಷ್ಟು ದೊಡ್ಡವನಾದ ಅವನೂ ನನ್ನನ್ನು ಲೀಲಕ್ಕ ಎನ್ನುತ್ತಿದ್ದ.

ಮನೆಯ ಯಜಮಾನರು ನನ್ನ ಸೋದರಮಾವ. ಅವರಿಗೆ ದೇವರ ಮೇಲೆ ಎಷ್ಟು ನಂಬಿಕೆಯೋ ಸರ್ಕಾರದ ಮೇಲೆ ಅಷ್ಟೇ ಸಂಶಯ. ಸೊಳ್ಳೆಯ ಮದ್ದು ಸಿಂಪಡಿಸಲು ಬಂದವರು ಬಾಗಿಲ ಪಕ್ಕ ನಂಬರು ಬರೆದು ಹೋದಾಗ, ಅವರು ಗೇಟು ದಾಟುವ ಮೊದಲೇ ಮಾವ ಅದರ ಮೇಲೆ ಸೆಗಣಿ ಸಾರಿಸಿದ್ದರು. ಸೇರು ಹೋಗಿ ಕಿಲೋ ಬಂದದ್ದು ನಮ್ಮನ್ನು ಮಂಗ ಮಾಡುವುದಕ್ಕೆ ಎಂಬುದು ಅವರ ಖಚಿತ ಅಭಿಪ್ರಾಯ. ಕಣ್ಣಿಗೆ ಪೊರೆ ಬಂದಿದ್ದರೂ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಹಾಗಾಗಿ ದಿನವೂ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸ. ನಾನು ಅವರ ಕಣ್ಣು ಎಂದು ಊರಿಗೆಲ್ಲ ಹೇಳುತ್ತಿದ್ದರು, ನನಗೂ ಅದರ ಜಂಬ ಇತ್ತು.

ಉಳುವವನಿಗೇ ಭೂಮಿ ಎಂಬ ಮಾತು ಪತ್ರಿಕೆಯಲ್ಲಿ ಆಗಾಗ ಬರುತ್ತಿತ್ತು. ಅದನ್ನು ಕೇಳಿದ ದಿನ ಮಾವ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಒಂದು ದಿನ ಎದ್ದು ನೇರ ಬೆಟ್ಟು ಗದ್ದೆಗೆ ಹೋದರು.

“ಆಡಿ, ಬೇಡ ಎನ್ನುವುದಿಲ್ಲ. ಆದರೆ ಸಂಜೆಗೆ ಕಂಬ ಕಿತ್ತು ತಂದು ನಮ್ಮ ಕೊಟ್ಟಿಗೆಯಲ್ಲಿ ಇಡಬೇಕು,” ಎಂದರು.

“ಅಲ್ಲಿ ಇದ್ದರೆ ಏನು ಧಣಿ?” ಎಂದು ಶೀನ ಕೇಳಿದ.

“ಒಂದು ರಾತ್ರಿ ನಿಂತ ಕಂಬ ಬೇರು ಬಿಡ್ತದೆ ಮಾರಾಯ. ನಾಳೆ ಯಾರಾದರೂ ಬಂದು ಇದು ಆಟದ ಬಯಲು ಅಂತ ಬರ್ಕೊಂಡು ಹೋದರೆ?”

ಅಂದಿನಿಂದ ಬೆಳಿಗ್ಗೆ ಗುಂಡಿ ಕೆದಕಿ ಕಂಬ ನೆಡುವುದು, ಸಂಜೆ ಕಿತ್ತು ಹೊತ್ತು ತರುವುದು. ಹುಡುಗರು ನಕ್ಕರು, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಚಳಿಗೆ ಮೈ ಬಿಸಿಯಾಗ್ತದೆ ಎಂದು ಶೀನ ಸಮಾಧಾನ ಹೇಳುತ್ತಿದ್ದ.

ಆ ಚಳಿಗಾಲದಲ್ಲೇ ಗ್ರಾಮಸೇವಕರು ಬಂದರು. ಖಾಕಿ ಚೀಲ, ಸೈಕಲ್ಲು, ಕಿಸೆಯಲ್ಲಿ ಎರಡು ಪೆನ್ನು. ಬೆಳ್ತಂಗಡಿಯಲ್ಲಿ ತಾಲೂಕಿನ ತಂಡ ಕಟ್ಟುತ್ತಾರಂತೆ, ಊರೂರಿನಿಂದ ಒಳ್ಳೆಯ ಆಟಗಾರರ ಹೆಸರು ಬೇಕಂತೆ. ಅವರು ಸಂಜೆಯವರೆಗೆ ಬದುವಿನ ಮೇಲೆ ನನ್ನ ಪಕ್ಕ ಕೂತು ಆಟ ನೋಡಿದರು. ಅಂದು ಶೀನ ಆಡಿದ ಹಾಗೆ ಮತ್ತೆಂದೂ ಆಡಿದ್ದನ್ನು ನಾನು ನೋಡಿಲ್ಲ. ಆಟ ಮುಗಿದ ಮೇಲೆ ಅವನನ್ನು ಕರೆದು, ಹೆಸರು, ತಂದೆಯ ಹೆಸರು, ಕಸುಬು ಎಲ್ಲ ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. “ಕಾಗದ ಬರ್ತದೆ, ತಯಾರಿರು,” ಎಂದರು. ಕಂಬ ಹೆಗಲಿಗೇರಿಸಿಕೊಂಡು ಬರುವಾಗ ಶೀನನ ಕಾಲು ನೆಲದ ಮೇಲಿರಲಿಲ್ಲ.

ಸಂಶಯ ಎಷ್ಟಿದ್ದರೂ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವ ಮನೆ ನಮ್ಮದಲ್ಲ. ಗ್ರಾಮಸೇವಕರು ಚೀಲವನ್ನು ಚಾವಡಿಯಲ್ಲಿಟ್ಟು ಕಾಲು ತೊಳೆಯಲು ಬಾವಿಕಟ್ಟೆಗೆ ಹೋದರು. ಮಾವ ಚೀಲದಿಂದ ಪುಸ್ತಕ ಎಳೆದು ನನ್ನ ಕೈಯಲ್ಲಿಟ್ಟರು.

“ನಮ್ಮ ಊರಿನದ್ದು ಏನು ಬರೆದಿದ್ದಾನೆ ಓದು ಮಗಾ.”

ಬೇರೆಯವರ ಪುಸ್ತಕ ಎಂದು ನನಗೆ ಅನ್ನಿಸಲೇ ಇಲ್ಲ. ಶೀನನ ಹೆಸರು ಸರ್ಕಾರದ ಪುಸ್ತಕದಲ್ಲಿ ಇರುವ ಖುಷಿಯಲ್ಲಿ, ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದೆ. “ಶೀನ, ಹದಿನೇಳು ವರ್ಷ. ಬಹಳ ಒಳ್ಳೆಯ ಆಟಗಾರ. ತಂದೆ ಮೋನಪ್ಪ, ಬೇಸಾಯ. ಆಟದ ಸ್ಥಳ, ಮೋನಪ್ಪನ ಸಾಗುವಳಿಯ ಗದ್ದೆ.”

“ಕೊನೆಯದ್ದು ಇನ್ನೊಮ್ಮೆ ಓದು.”

ಇನ್ನೊಮ್ಮೆ ಓದಿದೆ, ಮೊದಲಿಗಿಂತ ಸ್ಪಷ್ಟವಾಗಿ.

ಮಾವ ಹಾಳೆ ಹರಿದರು. ಸದ್ದಾಗದ ಹಾಗೆ, ಮೆಲ್ಲಗೆ, ಬುಡದಿಂದಲೇ. ಪುಸ್ತಕ ಚೀಲಕ್ಕೆ ಹೋಯಿತು, ಹಾಳೆ ಬಚ್ಚಲೊಲೆಗೆ. ಬೆಳಿಗ್ಗೆ ಎಣ್ಣೆ ಕರಗಿಸುವ ಅದೇ ಒಲೆ.

“ಮಾವ, ಅದರಲ್ಲಿ ಶೀನನ ಹೆಸರು ಉಂಟು,” ಎಂದೆ.

“ಹೆಸರಿನ ಬಾಲದಲ್ಲಿ ನಮ್ಮ ಗದ್ದೆಯೂ ಉಂಟು. ನೀನು ಏನೂ ನೋಡಲಿಲ್ಲ.”

ಗ್ರಾಮಸೇವಕರು ಬಂದು ಬೆಲ್ಲ ಕಡಿದು, ನೀರು ಕುಡಿದು, ಕೈಮುಗಿದು ಹೋದರು. ಅವರ ಪುಸ್ತಕದಲ್ಲಿ ಐದಾರು ಊರಿನ ಹೆಸರುಗಳಿದ್ದವು. ಒಂದು ಹಾಳೆ ಹೋದದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ, ಆ ಕಡೆ ಅವರು ಮತ್ತೆ ಬರಲಿಲ್ಲ.

ಶೀನ ಕಾದ. ಟಪಾಲಿನವನ ಸೈಕಲ್ಲು ಕಂಡಾಗಲೆಲ್ಲ ಆಟ ಬಿಟ್ಟು ಓಡುತ್ತಿದ್ದ. “ಲೀಲಕ್ಕ, ಪೇಪರಿನಲ್ಲಿ ಏನಾದರೂ ಬಂದಿದೆಯಾ?” ಎಂದು ನನ್ನನ್ನೇ ಕೇಳುತ್ತಿದ್ದ. ನಾನು ಇಲ್ಲ ಎನ್ನುತ್ತಿದ್ದೆ. ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. ಬಾಟಲಿಯ ಎಣ್ಣೆ ಕರಗಿ ಸೆಕೆ ಶುರುವಾಗುವ ಹೊತ್ತಿಗೆ ಅವನು ಕೇಳುವುದನ್ನು ಬಿಟ್ಟ. ಮುಂದಿನ ವರ್ಷ ಕಂಬಗಳು ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ, ಗೆದ್ದಲು ಹಿಡಿದವು.

ಮಾವ ತೀರಿಕೊಂಡು ಕೆಲವು ವರ್ಷಗಳ ಮೇಲೆ ಕಾನೂನು ಬಂತು, ಗದ್ದೆ ಮೋನಪ್ಪನದ್ದೇ ಆಯಿತು. ಸುಟ್ಟ ಹಾಳೆ ಅದನ್ನು ಉಳಿಸಲಿಲ್ಲ. ಮಾವನ ಸಂಶಯ ಮಾತ್ರ ನನ್ನ ಪಾಲಿಗೆ ಬಂದಿದೆ. ಈಗಲೂ ಸರ್ಕಾರದ ಕಾಗದ ಬಂದರೆ ಹಿಂದೆ ಮುಂದೆ ತಿರುಗಿಸಿ ನೋಡದೆ ನಾನು ಸಹಿ ಹಾಕುವವಳಲ್ಲ. ಬಿಟ್ಟಿ ಕೊಡುವವನ ಇನ್ನೊಂದು ಕೈ ಎಲ್ಲಿದೆ ಎಂದು ಮೊದಲು ಹುಡುಕುತ್ತೇನೆ.

ಕಳೆದ ಚಳಿಗಾಲ ಊರಿಗೆ ಹೋದಾಗ ಶೀನನ ಮನೆಗೆ ಹೋದೆ. ಚಳಿಗಾಲ ಎಂದು ಹೆಸರಿಗೆ, ಎಣ್ಣೆ ನೀರಾಗಿಯೇ ಇತ್ತು. ಬೆಟ್ಟು ಗದ್ದೆಯಲ್ಲಿ ಎದೆಯುದ್ದ ಹುಲ್ಲು, ಒಂದು ಮಗುವಿನ ಕೂಗಿಲ್ಲ. ಅಲ್ಲಿ ಮಕ್ಕಳಿಗೆ ಆಟದ ಬಯಲು ಮಾಡಿ ಕೊಡುತ್ತೇವೆಂದು ಪಂಚಾಯತಿನವರು ಮೂರು ಸಲ ಬಂದಿದ್ದರಂತೆ. ಶೀನ ಒಪ್ಪಲಿಲ್ಲ.

“ಅವರನ್ನು ನಂಬಲಿಕ್ಕುಂಟಾ ಲೀಲಕ್ಕ? ನನ್ನ ಹೆಸರು ಬರ್ಕೊಂಡು ಹೋದವರು ಒಂದು ಕಾಗದ ಹಾಕಲಿಲ್ಲ. ನಿಮಗೆ ನೆನಪುಂಟಲ್ಲ, ನೀವು ಅಲ್ಲೇ ಇದ್ರಿ. ಓದಿದವರು ನೀವು, ಹೇಳಿ, ನಂಬಬಹುದಾ?”

ನನ್ನ ಮುಂದೆ ಬೆಲ್ಲದ ಅಚ್ಚು, ತಂಬಿಗೆಯಲ್ಲಿ ನೀರು ಇಟ್ಟಿದ್ದ. ಆ ಒಂದು ಸಲ ಸರ್ಕಾರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು ಎಂದು ಗೊತ್ತಿದ್ದವಳು ಭೂಮಿಯ ಮೇಲೆ ಈಗ ನಾನೊಬ್ಬಳೇ. ಹೇಳಬೇಕೆಂದು ಬಾಯಿ ತೆರೆದೆ. ಎಪ್ಪತ್ತು ದಾಟಿದ ಶೀನ ಟಪಾಲಿನವನನ್ನು ನೋಡುವ ಹುಡುಗನ ಹಾಗೆಯೇ ನನ್ನ ಮುಖ ನೋಡುತ್ತಿದ್ದ.

“ನಂಬಬಾರದು,” ಎಂದೆ.