ಪರಸಿ ಕಲ್ಲಿನ ಮೇಲೆ ಗೆರೆ ಎಳೆದ ಖೈರೂನ್ ಟೀಚರ್

ಖೈರೂನ್ ಟೀಚರ್ ನನ್ನನ್ನು ಮೊದಲ ಸಲ ಕರೆದದ್ದು ಹೆಸರು ಹಿಡಿದಲ್ಲ. "ಏ ಮೈನಸ್ ಎರಡು, ಐದು! ತಲಿ ಮ್ಯಾಲೆತ್ತು!" ಎಂದು. ಸುಡುವ ಬಿಸಿಲಿನಲ್ಲಿ ಗಂಡಸರು ಹಿಡಿಯುವಂಥ ದೊಡ್ಡ ಕಪ್ಪು ಕೊಡೆ ಬಿಚ್ಚಿಕೊಂಡು, ಸೆರಗು ಸೊಂಟಕ್ಕೆ ಬಿಗಿದು, ಶಾಲೆಯ ಧ್ವಜದ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯರು ಅಂಗಳದ ತುಂಬ ಚದುರಿ ನಿಂತಿದ್ದೆವು. ಯಾರು ಎಲ್ಲಿ ನಿಂತಿದ್ದೇವೋ ಅದೇ ಆ ಹೊತ್ತಿಗೆ ನಮ್ಮ ಹೆಸರು.

ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ಚಿತ್ತಾಪುರದ ನಮ್ಮ ಶಾಲೆಯ ಅಂಗಳಕ್ಕೆ ಶಹಾಬಾದಿನ ಪರಸಿ ಕಲ್ಲು ಹಾಸಿದ್ದರು. ಎಲ್ಲ ಒಂದೇ ಅಳತೆಯ ಚೌಕ ಕಲ್ಲುಗಳು. ನಾವು ಅದರ ಮೇಲೆ ಕುಂಟಾಟ ಆಡಿದ್ದೆವು, ಪ್ರಾರ್ಥನೆಗೆ ಸಾಲು ನಿಂತಿದ್ದೆವು, ಮಳೆಗಾಲದಲ್ಲಿ ಜಾರಿ ಬಿದ್ದಿದ್ದೆವು. ಅದು ಗ್ರಾಫಿನ ಹಾಳೆ ಎಂದು ಹೊಳೆದದ್ದು ಟೀಚರಿಗೆ ಮಾತ್ರ. ವಾಡಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ಸುಣ್ಣದ ಬಕೀಟು ತರಿಸಿ, ಕಂಬದ ಬುಡದ ಮೂಲಕ ಹಾಯುವಂತೆ ಎರಡು ಗೆರೆ ಎಳೆದರು. ಒಂದು ಗೇಟಿನಿಂದ ಬೇವಿನ ಗಿಡದ ತನಕ, ಇನ್ನೊಂದು ಅದಕ್ಕೆ ಅಡ್ಡಲಾಗಿ ಬಾವಿಯಿಂದ ತರಗತಿಗಳ ತನಕ. ಕಂಬವೇ ಸೊನ್ನೆ. ಗೇಟಿನ ಕಡೆ ಹೋದರೆ ಮೈನಸ್, ಗಿಡದ ಕಡೆ ಹೋದರೆ ಪ್ಲಸ್. ತರಗತಿಗಳ ಕಡೆ ಹೋದರೆ ಮೇಲೆ, ಬಾವಿಯ ಕಡೆ ಹೋದರೆ ಕೆಳಗೆ.

ಬಾವಿಯ ಹಗ್ಗವೇ ನಮ್ಮ ಸರಳರೇಖೆ. ಒಬ್ಬಳು ಕಂಬದ ಹತ್ತಿರ ಹಗ್ಗದ ತುದಿ ಹಿಡಿಯಬೇಕು. ಇನ್ನೊಬ್ಬಳು ಎರಡು ಕಲ್ಲು ಮುಂದೆ, ಒಂದು ಕಲ್ಲು ಮೇಲೆ, ಮತ್ತೆ ಎರಡು ಮುಂದೆ, ಒಂದು ಮೇಲೆ, ಹೀಗೆ ಹೋಗಿ ಹಗ್ಗ ಬಿಗಿಯಬೇಕು. ಉಳಿದವರು ಹಗ್ಗ ತಾಗುವ ಮೂಲೆಗಳನ್ನು ಹುಡುಕಿ ನಿಲ್ಲಬೇಕು.

"ಎಷ್ಟು ಮ್ಯಾಲೆ ಹೋದಿ? ಎಷ್ಟು ಮುಂದ ಹೋದಿ? ಮ್ಯಾಲಿಂದನ್ನ ಮುಂದಿಂದರಲೆ ಭಾಗಿಸು. ಅದೇ ಇಳಿಜಾರು. ಮುಗೀತು. ಇದಕ್ಕ ಇಷ್ಟ್ಯಾಕ ಹೆದರತೀರಿ?"

ಒಂದು ದಿನ ಹಗ್ಗವನ್ನು ಕಂಬದಿಂದ ನೇರ ತರಗತಿಯ ಕಡೆಗೆ ಎಳೆಸಿದರು. ಇದರ ಇಳಿಜಾರು ಎಷ್ಟು ಎಂದು ಕೇಳಿದರು. ಸೊನ್ನೆಯಿಂದ ಭಾಗಿಸಬಾರದು ಎಂದು ನಾನು ಪಾಠ ಒಪ್ಪಿಸಿದೆ.

"ಯಾರು ಹೇಳಿದ್ರು?" ಎಂದರು. ಅದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು.

"ಪುಸ್ತಕದಾಗ ಅದರಿ."

"ಪುಸ್ತಕ ನಿನ್ನ ಮಾವ ಏನು, ಹೇಳಿದ್ದಕ್ಕೆಲ್ಲ ಗೋಣು ಹಾಕಾಕ? ನೀನೇ ನಡದು ನೋಡು. ಒಂದು ಹೆಜ್ಜಿ ಮುಂದ ಹೋದ್ರ ಎಷ್ಟು ಮ್ಯಾಲೆ ಏರತೀ ಅಂತ ಕೇಳಾಕತ್ತೀನಿ. ಇಲ್ಲಿ ಮುಂದ ಹೋಗೂದೇ ಇಲ್ಲ. ಕೇಳಿದ ಮಾತಿಗೇ ಅರ್ಥ ಇಲ್ಲ ಅಂದಮ್ಯಾಲೆ ಉತ್ತರ ಎಲ್ಲಿಂದ ಬರಬೇಕು?"

ಇನ್ನೊಂದು ಸಲ ಮನೆಯಿಂದ ಪಾತ್ರೆ ತರಿಸಿದರು. ಒಬ್ಬಳ ಕೈಯಲ್ಲಿ ನೆಟ್ಟಗಿನ ಎಣ್ಣೆ ಡಬ್ಬಿ, ಇನ್ನೊಬ್ಬಳ ಕೈಯಲ್ಲಿ ಕುತ್ತಿಗೆ ಸಣ್ಣಗಿನ ಬಿಂದಿಗೆ. ಲೋಟದಿಂದ ನೀರು ಹಾಕುವುದು, ಪ್ರತಿ ಲೋಟಕ್ಕೂ ಕಡ್ಡಿ ಇಳಿಬಿಟ್ಟು ನೀರಿನ ಎತ್ತರ ಅಳೆಯುವುದು, ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಚುಕ್ಕಿ ಇಡುವುದು. ಡಬ್ಬಿಯ ಚುಕ್ಕಿಗಳು ಒಂದೇ ಗೆರೆಯಲ್ಲಿ ಏರಿದವು. ಬಿಂದಿಗೆಯ ಚುಕ್ಕಿಗಳು ಹೊಟ್ಟೆಯ ಹತ್ತಿರ ಸೋಮಾರಿಗಳಂತೆ ಹೋಗಿ, ಕುತ್ತಿಗೆ ಬರುತ್ತಲೇ ಎದ್ದು ಓಡಿದವು. ನಾವು ಚೀರಿದ್ದು ಬಜಾರಿನವರೆಗೆ ಕೇಳಿಸಿರಬೇಕು.

ಕೇಳಿಸಿಯೇ ಇತ್ತು. ಅಂಗಳದ ಗೋಡೆ ಮೋಟು. ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ಇಣುಕುತ್ತಿದ್ದರು. ದೊಡ್ಡ ಹುಡುಗಿಯರು ಹಗ್ಗ ಹಿಡಿದು ಕುಣಿಯುತ್ತಾರೆ, ಧ್ವಜದ ಕಂಬದ ಮರ್ಯಾದೆ ತೆಗೆಯುತ್ತಾರೆ ಎಂದು ಊರಿನ ಶಾಲಾ ಕಮಿಟಿಯವರು ತಕರಾರು ತೆಗೆದರು. ಇಂಥ ಹುಡುಗಿಯರಿಗೆ ಬೀಜಗಣಿತ ಯಾಕೆ, ಅಡುಗೆ ಹೊಲಿಗೆ ಕಲಿಸುವ ಗೃಹವಿಜ್ಞಾನ ಇಲ್ಲವೇ ಎಂಬುದು ಆ ತಕರಾರಿನ ಹೊಟ್ಟೆಯೊಳಗಿದ್ದ ಮಾತು. ನಮ್ಮ ಹೆಡ್‌ಮಾಸ್ತರರು ಕೆಟ್ಟವರಲ್ಲ, ಅಂಜುಬುರುಕರು. ಜವಾನನಿಂದ ಸುಣ್ಣದ ಗೆರೆಗಳನ್ನು ತಿಕ್ಕಿಸಿ ತೊಳೆಸಿದರು. ಅಂಗಳದಲ್ಲಿ ಪಾಠ ಮಾಡಕೂಡದು ಎಂದು ಬರೆದು ಟೀಚರಿಂದ ಸಹಿ ಮಾಡಿಸಿಕೊಂಡರು.

ಮರುದಿನ ಟೀಚರ್ ತರಗತಿಗೆ ಬಂದವರು ಕುರ್ಚಿಯಲ್ಲಿ ಕೂರಲಿಲ್ಲ. "ಎಲ್ಲಾರೂ ಏಳ್ರಿ. ಹಗ್ಗ ತಗೋರಿ. ಹೊರಗ ನಡೀರಿ."

"ಟೀಚರ್, ಅಂಗಳದಾಗ ಬ್ಯಾಡ ಅಂದಾರಲ್ರೀ?"

"ಅಂಗಳ ಅಂತ ಬರದಾರ. ರಸ್ತಾ ಅಂತ ಬರದಿಲ್ಲ."

ಬಜಾರಿನ ಏರಿನ ಇಳಿಜಾರು ಅಳೆಯಲು ನಾವು ಮೆರವಣಿಗೆಯಂತೆ ಹೋದೆವು. ಮನೆ ಕಟ್ಟುವ ಗೌಂಡಿಯೊಬ್ಬರಿಂದ ಟೀಚರ್ ರಸಮಟ್ಟ ಕೇಳಿ ತಂದಿದ್ದರು. ಏರಿನ ಮೇಲುಗಡೆ ಒಬ್ಬಳು ಹಗ್ಗವನ್ನು ನೆಲಕ್ಕೆ ಒತ್ತಿ ಹಿಡಿದಳು. ಕೆಳಗಡೆ ಬಿದಿರಿನ ಕೋಲು ನಿಲ್ಲಿಸಿ, ಹಗ್ಗ ಮಟ್ಟವಾಗಿ ನಿಲ್ಲುವ ಎತ್ತರಕ್ಕೆ ಅದನ್ನು ಎಳೆದು ಹಿಡಿಯುವ ಕೆಲಸ ನನ್ನದು. ರಸಮಟ್ಟದ ಗುಳ್ಳೆ ನಡುವೆ ಬರುವ ತನಕ ಹಗ್ಗ ಜೋಲು ಬೀಳಬಾರದು. ನಾನು ನಿಂತ ಜಾಗ ಸರಿಯಾಗಿ ನಮ್ಮಪ್ಪನ ಬಟ್ಟೆ ಅಂಗಡಿಯ ಮುಂದೆ.

ಅಪ್ಪ ಚನ್ನಬಸಪ್ಪ ಸಾವ್ಕಾರ ಗಾದಿ ಬಿಟ್ಟು ಇಳಿದು ಬಂದರು. ಮುಖ ಕಪ್ಪಿಟ್ಟಿತ್ತು. "ಮಾದೇವಿ, ಮನಿಗೆ ನಡಿ."

ನಾನು ಹಗ್ಗ ಬಿಡಲಿಲ್ಲ. ಬಿಟ್ಟರೆ ಅಳತೆ ಕೆಡುತ್ತಿತ್ತು. ಅಷ್ಟರಲ್ಲಿ ಟೀಚರ್ ಕೊಡೆ ಮಡಚಿಕೊಂಡು ಬಂದರು. "ಭಾಳ ಛಲೋ ಆತು, ನೀವೇ ಬಂದ್ರಿ. ಹುಡುಗಿ ಕೈ ನಡುಗಾಕತ್ತದ. ಸ್ವಲ್ಪ ಇದನ್ನ ಹಿಡೀರಿ ಸಾವ್ಕಾರ್ರ," ಎಂದು ನನ್ನ ಕೈಯಿಂದ ಹಗ್ಗ ತೆಗೆದು ಅಪ್ಪನ ಕೈಗೆ ಕೊಟ್ಟರು. ಏನು ಎತ್ತ ಎಂದು ತಿಳಿಯುವ ಮೊದಲೇ ಅಪ್ಪ ಹಿಡಿದುಬಿಟ್ಟಿದ್ದರು. "ಬಿಗಿಯಾಗಿ ಹಿಡೀರಿ. ಇನ್ನೂ ಸ್ವಲ್ಪ ಮ್ಯಾಲೆ. ಹಾಂ, ಅಲ್ಲೇ." ಎದುರಿನ ಚಹಾದಂಗಡಿಯವರು ನಕ್ಕರು. ಅಳತೆ ಮುಗಿದ ಮೇಲೆ ಅಪ್ಪ ಹಗ್ಗವನ್ನು ನೆಲಕ್ಕೆ ಹಾಕಿ, ನನ್ನ ರಟ್ಟೆ ಹಿಡಿದು ಮನೆಗೆ ಕರೆದೊಯ್ದರು. ಹೊಸ್ತಿಲು ದಾಟಿದ ಮೇಲೆ ಅವ್ವನಿಗೆ ಹೇಳಿದರು: "ನಾಳಿಂದ ಇಕಿ ಸಾಲಿಗೆ ಹೋಗಂಗಿಲ್ಲ."

ಮರುದಿನ ನಡೆದದ್ದನ್ನು ಅಂಗಡಿಯ ಆಳು ಎಷ್ಟೋ ವರ್ಷ ಬಂದವರಿಗೆಲ್ಲ ಹೇಳುತ್ತಿದ್ದ. ಬೆಳಗಿನ ಗಾಡಿ ಇಳಿದ ಟೀಚರ್ ಶಾಲೆಗೆ ಹೋಗದೆ ನೇರ ನಮ್ಮ ಅಂಗಡಿಗೆ ಬಂದು ಗಾದಿಯ ಮೇಲೆ ಕೂತರು. ಅಂದು ರಜೆ ಬರೆದು ಬಂದಿದ್ದರಂತೆ.

"ಥಾನ್ ತೋರಸ್ರಿ."

"ಯಾವ ಬಟ್ಟೀದು?"

"ಎಲ್ಲಾನೂ ತೋರಸ್ರಿ. ಮಾದೇವಿ ಸಾಲಿಗೆ ಬರೂ ತನಾ ನನಗ ಬ್ಯಾರೆ ಕೆಲಸ ಇಲ್ಲ."

ಅಪ್ಪ ಮೊದಲು ಕೇಳಿಸದವರಂತೆ ಕೂತರು. ಗಿರಾಕಿಗಳು ಬಂದರು. ಟೀಚರ್ ಜಾಗ ಬಿಡಲಿಲ್ಲ. ಬಂದವರಿಗೆಲ್ಲ ಇದರ ಬಣ್ಣ ಬಿಡುತ್ತದೆ, ಅದರದು ಬಿಡುವುದಿಲ್ಲ ಎಂದು ಸಲಹೆ ಕೊಡುತ್ತ ಕೂತರು. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ತರಗತಿಯ ಹುಡುಗಿಯರೂ ಒಬ್ಬೊಬ್ಬರಾಗಿ ಬಂದು ಗಾದಿ ತುಂಬ ಕೂತರು. ಟೀಚರ್ ಅವರನ್ನು ಕರೆದಿರಲಿಲ್ಲ, ಕಳಿಸಲೂ ಇಲ್ಲ. ಬಿಚ್ಚಿದ ಚೌಕಡಿ ಬಟ್ಟೆಯೊಂದನ್ನು ಮುಂದೆ ಹಾಸಿಕೊಂಡು, ಚುಕ್ಕಿಗಳ ಬದಲು ಅಂಗಿಯ ಗುಂಡಿಗಳನ್ನು ಇಟ್ಟು, ಪಾಠ ಶುರು ಮಾಡಿಯೇ ಬಿಟ್ಟರು. ಗಿರಾಕಿಗಳು ಒಳಗೆ ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲಿ ನಿಂತು ನೋಡತೊಡಗಿದರು.

"ಇದೇನು ಹಟ ಟೀಚರ್ರ?" ಎಂದರು ಅಪ್ಪ. "ನನ್ನ ಮಗಳು, ನನ್ನ ಮರ್ಜಿ."

"ಮಗಳು ನಿಮ್ಮಾಕೀನೇ. ತಲಿ ಆಕೀದು. ಆ ತಲಿ ಲೆಕ್ಕಕ್ಕ ಹೆಂಗ ಓಡ್ತದ ಅಂತ ನಾ ನೋಡೀನಿ, ನೀವು ನೋಡಿಲ್ಲ. ಬಾಗಲಾ ಹಾಕೂದಿದ್ರ ಹಾಕ್ರಿ, ನಾ ಒಳಗೇ ಇರತೀನಿ."

ಬಾಗಿಲಲ್ಲಿ ನಿಂತವರೆಲ್ಲ ಅಪ್ಪನ ಮುಖ ನೋಡಿದರು. ಅಪ್ಪ ಕೈ ಮುಗಿದರು. "ಕರಕೊಂಡು ಹೋಗ್ರಿ ತಾಯಿ. ಮೆಟ್ರಿಕ್ ತನಕ ನಾ ಅಡ್ಡ ಬರಂಗಿಲ್ಲ. ಇಷ್ಟು ಮಂದಿ ಮುಂದ ಹೇಳಾಕತ್ತೀನಿ."

ಆ ಮಾತನ್ನು ಅಪ್ಪ ಮುರಿಯಲಿಲ್ಲ, ಮೆಟ್ರಿಕ್ ಮುಗಿದ ಮೇಲೂ ಅಡ್ಡ ಬರಲಿಲ್ಲ. ನಾನು ಕಲಿತೆ. ಬೀಜಗಣಿತ ತೆಗೆದುಕೊಂಡ ಒಬ್ಬ ಹುಡುಗಿಯೂ ಬಿಡಲಿಲ್ಲ.

ಆದರೆ ದಸರೆಯ ರಜೆ ಮುಗಿಸಿ ಬರುವಷ್ಟರಲ್ಲಿ ಟೀಚರಿಗೆ ವರ್ಗ ಆಗಿತ್ತು. ಚಿಂಚೋಳಿ ತಾಲೂಕಿನ ಐನಾಪುರಕ್ಕೆ. ವಾಡಿಯ ಮನೆಯಲ್ಲಿ ಅವರ ವಯಸ್ಸಾದ ತಾಯಿ ಇದ್ದರು, ದಿನಾ ಹೋಗಿಬರುವ ದಾರಿಯಲ್ಲ ಅದು. ಊರಿನ ಕೆಲವರು ವಿದ್ಯಾ ಇಲಾಖೆಯ ಮೇಲಿನ ಸಾಹೇಬರನ್ನು ಕಂಡು ಬಂದಿದ್ದರಂತೆ ಎಂದಷ್ಟೇ ನಮಗೆ ತಿಳಿದದ್ದು. ಹೆಡ್‌ಮಾಸ್ತರರು ಟೀಚರನ್ನು ಕರೆದು, ತಪ್ಪಾಯಿತು ಎಂದು ಒಂದು ಮಾತು ಬರೆದುಕೊಡಿ, ನಾನು ವರ್ಗ ನಿಲ್ಲಿಸುತ್ತೇನೆ ಎಂದು ಬೇಡಿಕೊಂಡರು. ಬಾಗಿಲ ಹೊರಗೆ ನಿಂತಿದ್ದ ನಮಗೆ ಟೀಚರ ಉತ್ತರ ಸ್ಪಷ್ಟವಾಗಿ ಕೇಳಿಸಿತು.

"ನಾ ತಪ್ಪಾತು ಅಂತ ಬರದ್ರ, ಈ ಹುಡುಗ್ಯಾರು ಕಲ್ತದ್ದು ತಪ್ಪು ಅಂತ ಆಗ್ತದ ಸರ್. ಅದು ಆಗೂ ಮಾತಲ್ಲ. ಐನಾಪುರದಾಗೂ ಹುಡುಗ್ಯಾರು ಇರ್ತಾರ."

ಹೊರಗೆ ಬಂದು, ಅಳುತ್ತಿದ್ದ ನಮ್ಮನ್ನು ಬೈದರು. ಪರೀಕ್ಷೆ ಹತ್ತಿರ ಬಂತು, ಕಣ್ಣೀರು ಆಮೇಲೆ ಎಂದರು. ತಾಯಿಯನ್ನೂ ಕರೆದುಕೊಂಡು ಐನಾಪುರಕ್ಕೆ ಹೋದರು.

ಮತ್ತೆ ಅವರನ್ನು ಕಂಡದ್ದು ಒಂದೇ ಸಲ. ಗುಲಬರ್ಗಾದಲ್ಲಿ ಬಿ.ಎಸ್ಸಿ.ಗೆ ಸೇರಿದ ವರ್ಷ ಹೇಳಿ ಬರೋಣವೆಂದು ಐನಾಪುರಕ್ಕೆ ಹೋಗಿದ್ದೆ. ಕೂದಲು ನರೆತಿತ್ತು, ದನಿ ಹಾಗೇ ಇತ್ತು. ಶಭಾಸ್ ಎನ್ನುತ್ತಾರೆಂದು ಕಾದೆ.

"ನಿನ್ನ ಕ್ಲಾಸಿನ್ಯಾಗ ಎಷ್ಟು ಹುಡುಗ್ಯಾರು ಇದ್ದೀರಿ?" ಎಂದರು.

"ನಾ ಒಬ್ಬಾಕೀನೇರಿ."

"ಎಲ್ಲಿ ಕುಂದ್ರತೀ?"

"ಹಿಂದಿನ ಬೆಂಚಿನ್ಯಾಗ."

"ಯಾರು ಹೇಳಿದ್ರು? ನಾಳಿಂದ ಮುಂದ ಕುಂದ್ರು."

ಚಿತ್ತಾಪುರಕ್ಕೆ ವಾಪಸ್ ಬನ್ನಿ, ಈಗ ಹೆಡ್‌ಮಾಸ್ತರರು ಬೇರೆ ಎಂದು ಹೇಳಿದೆ. "ಅವರು ಕರದ್ರ ಬರತೀನಿ. ನಾ ಕೇಳಂಗಿಲ್ಲ," ಎಂದರು. ಗಂಟೆ ಹೊಡೆಯಿತು. ಬಸ್ಸು ಬರುವ ತನಕ ನಿಲ್ಲಲಿಲ್ಲ, ತರಗತಿಗೆ ಹೋದರು.

ಯಾರೂ ಕರೆಯಲಿಲ್ಲ. ನಾನು ಸೇಡಂನಲ್ಲಿ ಗಣಿತದ ಟೀಚರಾಗಿ ಕೆಲವು ವರ್ಷಗಳಾದ ಮೇಲೆ, ಅವರು ಕಾಮಾಲೆಯಾಗಿ ಐನಾಪುರದಲ್ಲೇ ತೀರಿಕೊಂಡರೆಂದು ಸುದ್ದಿ ಬಂತು. ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು.

ಚಿತ್ತಾಪುರದ ಶಾಲೆಯಲ್ಲಿ ಒಂದು ಶೋಕಸಭೆ ಇಟ್ಟುಕೊಂಡರು. ಅವರ ಹಳೆಯ ವಿದ್ಯಾರ್ಥಿನಿಯರು ಅಲ್ಲಲ್ಲಿ ಕೆಲಸದಲ್ಲಿದ್ದರು, ಶಾಲೆಗೆ ಹೆಸರು ಬಂದಿತ್ತು. ಅಪ್ಪನಿಗೆ ಆಗ ಕೋಲು ಹಿಡಿದು ನಡೆಯುವ ವಯಸ್ಸು. ನಾನು ಕರೆಯದಿದ್ದರೂ ಬಂದು ಎರಡನೆಯ ಸಾಲಿನಲ್ಲಿ ಕೂತಿದ್ದರು. ಶಾಲಾ ಕಮಿಟಿಯ ಅಧ್ಯಕ್ಷರು ಹಾರ ಹಾಕಿದ ಫೋಟೋದ ಪಕ್ಕ ನಿಂತು ಮಾತಾಡಿದರು. ಖೈರುನ್ನೀಸಾ ಟೀಚರ್ ಹಿರಿಯರ ಮಾತು ಮೀರದವರು, ಹಿಂದುಳಿದ ಹಳ್ಳಿಯ ಸೇವೆ ಮಾಡಬೇಕೆಂದು ತಾವಾಗಿಯೇ ಇಲ್ಲಿಂದ ವರ್ಗ ಕೇಳಿ ಪಡೆದವರು ಎಂದರು. ಕೆಲವರು ಚಪ್ಪಾಳೆ ತಟ್ಟಿದರು.

ನನಗೆ ಕೂತಿರಲು ಆಗಲಿಲ್ಲ. ಎದ್ದೆ. "ಖರೇ ಅಲ್ಲ ಅದು," ಎಂದೆ. "ಟೀಚರ್ ವರ್ಗ ಕೇಳಿರಲಿಲ್ಲ. ಈ ಊರಿನವರು ಸಾಹೇಬರ ತನಕ ಹೋಗಿ ಓಡಿಸಿದ್ರಿ. ಯಾರ ಮಾತೂ ಮೀರದವರು ಅಂತ ಹೇಳಿ ಅವರನ್ನ ಇನ್ನೊಮ್ಮೆ ಓಡಸಬ್ಯಾಡ್ರಿ."

ಸಭೆ ಗುಜುಗುಜು ಎಂದಿತು. ಸತ್ತವರ ಮುಂದೆ ಜಗಳ ಬೇಡಮ್ಮ, ಹಾಗೆಲ್ಲ ಯಾರೂ ಹೋಗಿರಲಿಲ್ಲ ಎಂದು ಅಧ್ಯಕ್ಷರು ಕೈ ಬೀಸಿದರು.

ಆಗ ಅಪ್ಪ ಕೋಲೂರಿ ಎದ್ದರು.

"ಹೋಗಿದ್ವಿ," ಎಂದರು. "ಸಾಹೇಬರ ಕಡಿ ಹೋದವರಾಗ ನಾನೂ ಇದ್ದೆ. ನೀವೂ ಇದ್ರಿ. ನನ್ನ ಅಂಗಡ್ಯಾಗ ಕುಂತು ನನ್ನ ಮಾತು ನಡೀಗೊಡಲಿಲ್ಲ ಅಂತ ನನಗ ಸಿಟ್ಟಿತ್ತು. ನನ್ನ ಮಗಳು ಹೇಳೂದು ಖರೇ ಅದ."

ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಬೆಳೆದರೂ ಈ ಮಾತು ನನಗೆ ಗೊತ್ತಿರಲಿಲ್ಲ. ಸಿಟ್ಟು ಬಂತು, ಅಪ್ಪನ ಮುಖ ನೋಡಲು ಮನಸ್ಸಾಗಲಿಲ್ಲ.

"ಕುಂದ್ರಿ ಸಾವ್ಕಾರ್ರ, ಕುಂದ್ರಿ," ಎಂದರು ಅಧ್ಯಕ್ಷರು. ಅಕ್ಕಪಕ್ಕದವರು ಅಪ್ಪನ ಅಂಗಿ ಹಿಡಿದು ಎಳೆದರು.

ಅಪ್ಪ ಕೂರಲಿಲ್ಲ. ಅಂಗಿ ಬಿಡಿಸಿಕೊಂಡು ಕೋಲನ್ನು ಬಿಗಿಯಾಗಿ ಹಿಡಿದರು. ನಾನು ಸಾಲು ದಾಟಿಕೊಂಡು ಹೋಗಿ ಅವರ ಪಕ್ಕದಲ್ಲಿ ನಿಂತೆ.