ಬೇಕೆಂದು ಬಿಟ್ಟ ಸಂದು

ಆವತ್ತು ನಮ್ಮ ಯಜಮಾನರು ಮರದ ಕೊಡತಿ ಎತ್ತಿದವರು ಹೊಡೆಯದೆ ಕೆಳಗಿಟ್ಟರು. ಚಕ್ರದ ಅರೆಕಾಲು ನಡುವಿನ ಗುಂಬದೊಳಕ್ಕೆ ಅರ್ಧ ಇಳಿದು ನಿಂತಿತ್ತು. ಉಸಿರು ಸಾಲುತ್ತಿಲ್ಲ ಎಂದು ದಿಮ್ಮಿಯ ಮೇಲೆ ಕುಳಿತರು. ಬಿಸಿಲಿಗೆ ಇರಬೇಕೆಂದು ಮಜ್ಜಿಗೆ ಕೊಟ್ಟೆ.

ಯುಗಾದಿ ಕಳೆಯುವಷ್ಟರಲ್ಲಿ ಕಾಲು ಊದಿತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು.

ಹುಣಸೂರಿನಲ್ಲಿ ಗಾಡಿ ಚಕ್ರ ಮಾಡುವ ಮನೆ ನಮ್ಮದು. ಇವರದು ಮರದ ಕೆಲಸ. ಇವರ ಅಣ್ಣ, ನಮ್ಮ ಭಾವ, ಕುಲುಮೆ ನೋಡಿಕೊಳ್ಳುತ್ತಾರೆ.

ಡಿಸ್ಪೆನ್ಸರಿಯ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಚಿಕ್ಕಂದಿನಲ್ಲಿ ಕೀಲು ನೋವಿನ ಜ್ವರ ಬಂದಿತ್ತೇ ಎಂದು ವಿಚಾರಿಸಿದರು. ಬಂದಿತ್ತು. ಹಾರ್ಟಿನ ಒಂದು ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಸಂದು ಉಳಿದಿದೆ, ಮುಂದೆ ಹೋದ ರಕ್ತ ಹಿಂದಕ್ಕೆ ಸೋರುತ್ತಿದೆ ಎಂದರು.

ಔಷಧಿ ಇತ್ತು. ವಾಸಿ ಮಾಡುವ ಔಷಧಿ ಇರಲಿಲ್ಲ.

ಡಾಕ್ಟರು ದೈವಭಕ್ತರು. ಪುಸ್ತಕ ತೆರೆದು ಹೃದಯದ ಚಿತ್ರ ತೋರಿಸಿದರು. ನಾಲ್ಕು ಕೋಣೆ, ನಾಲ್ಕು ಕದ.

"ನೋಡಿ ಆಚಾರ್ರೇ, ನೀವು ಚಕ್ರ ಮಾಡೋರು. ಚಕ್ರ ತಾನಾಗಿ ಹುಟ್ಟುತ್ತದೆಯೇ? ಹಾಗಿರುವಾಗ ಇದು ಹುಟ್ಟೀತೇ? ಮಾಡಿದವನೊಬ್ಬ ಇರಲೇಬೇಕು."

ಇವರು ಆ ಚಿತ್ರವನ್ನು ಕೆಲಸಗಾರನ ಕಣ್ಣಿನಿಂದ ನೋಡಿದರು. "ಇರ್ಬೇಕು ಕಣ್ ಸ್ವಾಮಿ. ಕೆಲ್ಸ ಭೇಷಾಗದೆ. ಆದ್ರೆ ನಾನ್ ಮಾಡಿದ್ ಚಕ್ರ ಒಂದ್ ಮಳೆಗಾಲದೊಳ್ಗೆ ಸಡ್ಲ ಆದ್ರೆ, ರೈತ ಉರುಳಿಸ್ಕೊಂಡು ಬಂದು ನನ್ ಬಾಗ್ಲಿಗೇ ಒರಗುಸ್ತಾನೆ. ಇದ್ನ ಯಾರ್ ಬಾಗ್ಲಿಗೆ ಒರಗ್ಸಾನ?"

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಮಾಡಿದವನು ಇದ್ದಾನೆ ಎಂದರೆ ಇವರ ಎದೆಯನ್ನು ಹೀಗೆ ಮಾಡಿದವನೂ ಅವನೇ ಆಗುತ್ತಾನೆ. ಇಲ್ಲ ಎಂದರೆ ಇವರನ್ನು ಉಳಿಸಿಕೊಡು ಎಂದು ಬೇಡಲು ನನಗೆ ಯಾರೂ ಇಲ್ಲ. ಬೆನ್ನು ನೀವುತ್ತ, ಗಂಜಿ ಕಾಯಿಸುತ್ತ ದಿನವೆಲ್ಲ ಇದೇ ಯೋಚನೆ.

ಬಿಳಿಕೆರೆಯ ರೈತರೊಬ್ಬರಿಗೆಂದು ಇವರು ಹೇಗೋ ಮಾಡಿ ಮುಗಿಸಿದ ಚಕ್ರ ಕೊಟ್ಟಿಗೆಯಲ್ಲಿತ್ತು. ಕಬ್ಬಿಣದ ಪಟ್ಟಾ ಹಾಕುವುದೊಂದೇ ಬಾಕಿ. ಪಟ್ಟಾ ಹಾಕುವಾಗ ಹೆಂಗಸರು ಆ ಕಡೆ ಸುಳಿಯಬಾರದೆಂಬುದು ನಮ್ಮ ಮನೆಯ ಕಟ್ಟು. ಹಾಗಾಗಿ ಹದಿನಾರು ವರ್ಷ ಕೊಟ್ಟಿಗೆ ಗುಡಿಸಿದರೂ ಆ ಕೆಲಸದ ಒಳಗುಟ್ಟು ನನಗೆ ತಿಳಿಯದು. ಗುಡಿಸುವಾಗ ಕಂಡಿತು, ಸುತ್ತಿನ ಬಾಗುಮರಗಳು ಸೇರುವಲ್ಲಿ ಸಂದು. ಕೈ ಸೋತು ಇವರ ಕೆಲಸ ಕೆಟ್ಟಿದೆ ಎಂದುಕೊಂಡೆ. ರೈತರ ಕಣ್ಣಿಗೆ ಬಿದ್ದರೆ ಇವರ ಹೆಸರು ಹೋಗುತ್ತದೆ. ಯಾರಿಗೂ ಹೇಳದೆ ಹೊನ್ನೆ ಚಕ್ಕೆ ಸೀಳಿ, ಬೆಣೆ ಮಾಡಿ, ಪ್ರತಿ ಸಂದಿಗೂ ಬಡಿದೆ.

ಮರುದಿನ ಭಾವ ಕಾದ ಪಟ್ಟಾ ಇಳಿಸಿ ನೀರು ಹೊಯ್ದರು. ಪಟ್ಟಾ ಕುಗ್ಗಿದರೂ ಚಕ್ರ ಬಿಗಿಯಲಿಲ್ಲವಂತೆ. ಅರೆಕಾಲುಗಳು ಗುಂಬದಲ್ಲಿ ಅಲ್ಲಾಡುತ್ತಿದ್ದವಂತೆ.

"ಯಾವ ಮಾತಾಯಿ ಕಣವ್ವ ಸಂದಿಗೆ ಬೆಣೆ ಒಡ್ದೋಳು?" ಭಾವ ಅಂಗಳದಿಂದಲೇ ಕೂಗಿದರು. "ನಾಳಿಂದ ನೀನೇ ಚಕ್ರ ಮಾಡು, ನಾನ್ ಮುದ್ದೆ ತೊಳಸ್ತೀನಿ!"

ಜಗಲಿಯಲ್ಲಿ ಗೋಡೆಗೆ ಒರಗಿದ್ದ ಇವರು ನಕ್ಕು ನಕ್ಕು ಕೆಮ್ಮಿದರು. "ಆ ಸಂದು ನಾನೇ ಬೇಕಂತ ಬುಟ್ಟಿದ್ದು ಕಣಮ್ಮಿ. ಪಟ್ಟಾ ಕುಗ್ಗಿದಾಗ ಮರ ಒಂದಕ್ಕೊಂದು ಸೇರ್ಕೊಳಾಕೆ ಜಾಗ ಬ್ಯಾಡ್ವಾ?"

ನನಗೆ ಒಮ್ಮೆಲೇ ಆಸೆ ಹುಟ್ಟಿತು. "ಅಂಗಾದ್ರೆ ನಿಮ್ಮೆದೆ ಸಂದೂ ಅವ್ನು ಬೇಕಂತ್ಲೇ ಬುಟ್ಟಿರ್ಬೋದಲ್ವಾ? ಯಾಕೆ ಅಂತ ನಮಗೆ ತಿಳೀದು, ಅಷ್ಟೆ."

ಇವರ ನಗು ನಿಂತಿತು. ಉಸಿರು ಕೂಡಿಸಿಕೊಂಡು ಹೇಳಿದರು: "ಇರ್ಬೋದು. ನನ್ ಸಂದು ಯಾಕೆ ಅಂತ ನಾನ್ ಯೋಳ್ದೆ. ಅವನ್ದು ಅವನೇ ಯೋಳ್ಬೇಕು. ಗೊತ್ತಿಲ್ದೆ ಅವನ ಪರವಾಗಿ ನಾನ್ಯಾಕಮ್ಮಿ ಸಾಕ್ಷಿ ನುಡೀಲಿ?"

ನಾನು ಇವರ ಬೆನ್ನಿಗೊಂದು ದಿಂಬು ಕೊಟ್ಟೆ.

ಆಷಾಢದಲ್ಲಿ ಮಲಗುವುದೂ ಆಗಲಿಲ್ಲ. ದಿಂಬಿಗೆ ಒರಗಿಯೇ ಇರುತ್ತಿದ್ದರು. ಡಾಕ್ಟರು ಕೊಟ್ಟ ಡಿಜಿಟಾಲಿಸ್ ಔಷಧಿಯ ಹನಿ ಹಾಕುವಾಗ ನಿದ್ದೆಗೆಟ್ಟು ನನ್ನ ಕಣ್ಣು ಮುಚ್ಚಿಹೋಗುತ್ತಿತ್ತು. ದೇವರ ಮೇಲೆ ಸಿಟ್ಟಾಗುವುದಕ್ಕೂ ತ್ರಾಣ ಬೇಕು. ಅದೂ ಉಳಿದಿರಲಿಲ್ಲ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಹೋದರು.

ಈಗ ತಿಂಗಳಾಯಿತು. ಬಂದವರೆಲ್ಲ, "ಒಳ್ಳೇದಕ್ಕೇ ಕರ್ಕೊಂಡಿರ್ತಾನೆ ಕಣವ್ವ" ಅನ್ನುತ್ತಾರೆ. ಹೌದು ಎನ್ನಲು ಬಾಯಿ ಬಾರದು. ಇಲ್ಲ ಎನ್ನಲೂ ಬಾರದು. ಡಾಕ್ಟರ ಬಳಿ ಹೋಗಿ ಕೈಮುಗಿದು ಬಂದೆ. ಅವರ ಔಷಧಿಯಿಂದಲೇ ನಾಲ್ಕು ತಿಂಗಳು ದೊರೆಯಿತು.

ಕಡೆಯ ಸ್ನಾನ ಮಾಡಿಸುವಾಗ ಬಲಗೈಯನ್ನು ನಾನೇ ತೊಳೆದೆ. ಊದಿದ ಮೈಯಲ್ಲಿ ಕೈಗಳು ಮಾತ್ರ ಊದಿರಲಿಲ್ಲ. ಹೆಬ್ಬೆರಳಿನ ಬುಡದ ದಪ್ಪ, ಮಣಿಕಟ್ಟು ಸುಲಭವಾಗಿ ತಿರುಗುವ ರೀತಿ, ಒಂದೊಂದು ಗೆಣ್ಣೂ ಮಡಿಚಿ ಬಿಚ್ಚಿಕೊಳ್ಳುವುದು. ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಬೇಗ ಮುಗಿಸವ್ವ ಎಂದು ಯಾರೋ ಅಂದರು. ನಾನು ಬೆರಳುಗಳನ್ನು ಒಂದೊಂದಾಗಿ ಒರೆಸಿದೆ. ಆ ಕೈಯನ್ನು ಮಾಡಿದವರು ಯಾರೋ ನನಗೆ ತಿಳಿಯದು. ಬಹಳ ಚೆನ್ನಾಗಿ ಮಾಡಿದ್ದರು.