ಜರಡಿಯ ಮೇಲೆ ಉಳಿದದ್ದು

ನಮ್ಮ ಪರೀಕ್ಷಾ ಕೊಠಡಿಯಲ್ಲಿ ಸಿಮೆಂಟಿನ ಮಾದರಿ ಕಲಸುತ್ತಿದ್ದವರನ್ನು ಎಲ್ಲರೂ ಜರಡಿ ಅಕ್ಕ ಎನ್ನುತ್ತಿದ್ದರು. ಯಾವ ಪುಡಿ ಬಂದರೂ ಜರಡಿ ಹಿಡಿಯದೆ ಅವರು ಬಟ್ಟಲಿಗೆ ಹಾಕುತ್ತಿರಲಿಲ್ಲ. "ಬಿಟ್ರೆ ನೀರನ್ನೂ ಜರಡಿ ಹಿಡೀತೀರಲ್ಲ ಅಕ್ಕಾ," ಎಂದು ಸಾಹೇಬರು ಕೆಣಕಿದರೆ, "ಅದಕ್ಕೆ ಬಟ್ಟೆ ಇದೆ ಸಾರ್," ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಕಲಸಿದ ಯಾವ ಮಾದರಿಯ ಎದುರೂ ದಾಖಲೆ ಪುಸ್ತಕದಲ್ಲಿ, ಕಲಸಿದ್ದು ತಪ್ಪೆಂದು ಹೊಡೆದುಹಾಕುವ ಕೆಂಪು ಗೆರೆ ಬಿದ್ದಿರಲಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟಿದ್ದ ಅವರಿಗೆ ಅದೇ ಪದವಿ.

ನಾನು ಕೆಲಸಕ್ಕೆ ಸೇರಿದ ವರ್ಷ ಫಾಸ್ಫೇಟ್ ಸಿಮೆಂಟಿನ ಪ್ರಯೋಗ ನಡೆದಿತ್ತು. ಅದನ್ನು ರಸ್ತೆಯ ಗುಂಡಿಗೆ ತುಂಬಿದರೆ ಬೇಗನೆ ಗಾಡಿ ಓಡಿಸಬಹುದು; ಆದರೆ ಬಾಗಿಸುವ ಭಾರ ಬಿದ್ದರೆ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಸೂಜಿಯಂಥ ಹರಳುಗಳಿರುವ ಬಿಳಿ ಖನಿಜದ ಪುಡಿ ಬೆರೆಸಿದರೆ ಆ ಸೂಜಿಗಳು ಬಿರುಕನ್ನು ಹಿಡಿದು ನಿಲ್ಲಿಸುತ್ತವೆ ಎಂದು ನಾನು ನಂಬಿದ್ದೆ. ಮೂರು ಸಲ ಕಲಸಿದೆವು. ಮೂರು ಸಲವೂ ಅಚ್ಚಿನಲ್ಲಿ ಎರೆದ ಸಿಮೆಂಟಿನ ಪಟ್ಟಿಗಳು ಮೊದಲಿನಷ್ಟೇ ಭಾರಕ್ಕೆ ಪಟ್ಟೆಂದು ಮುರಿದವು.

"ಸಾಕು. ಖನಿಜದಿಂದ ಪ್ರಯೋಜನ ಇಲ್ಲ ಅಂತ ಬರೆದುಕೊಡಿ, ಮುಚ್ಚಿಬಿಡೋಣ," ಎಂದರು ಸಾಹೇಬರು.

ನಾನು ಬರೆಯಲು ಕುಳಿತಾಗ ಅಕ್ಕ ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟರು. ಒಳಗೆ ಬಿಳಿ ತರಿ.

"ಇದೇನಕ್ಕಾ?"

"ಜರಡೀಲಿ ಉಳಿದಿದ್ದು. ಪಾತ್ರೆ ಉಜ್ಜೋಕಾಗುತ್ತೆ ಅಂತ ಎತ್ತಿಟ್ಟಿದ್ದೆ. ಇವತ್ತು ಬೆರಳಿಗೆ ಚುಚ್ತು ತಮ್ಮಾ. ನೀನು ಹೇಳ್ತಿದ್ದ ಸೂಜಿ ಇದೇನಾ?"

ಭೂತಗನ್ನಡಿ ಹಿಡಿದು ನೋಡಿದೆ. ಅದೇ. ಉದ್ದದ ಹರಳೆಲ್ಲ ಡಬ್ಬಿ ಸೇರಿತ್ತು. ಸಿಮೆಂಟಿಗೆ ಹೋದದ್ದು ಬರೀ ಹಿಟ್ಟು. ಇದಕ್ಕೆ ಜರಡಿ ಬೇಡವೆಂದು ನಾನೂ ಹೇಳಿರಲಿಲ್ಲ.

"ಪುಡಿ ಕೆಟ್ಟಿತ್ತು ಅಂತ ಸಾಹೇಬರಿಗೆ ಹೇಳ್ತೀನಿ ಬಿಡಿ. ಹೊಸದಾಗಿ ಕಲಸೋಣ."

"ಪುಡಿ ಮೇಲೆ ಯಾಕೆ ಹಾಕ್ತೀಯ? ಅದಕ್ಕೆ ಬಾಯಿಲ್ಲ ಅಂತಾನಾ?" ಎಂದವರೇ ಡಬ್ಬಿ ಹಿಡಿದು ತಾವೇ ಸಾಹೇಬರ ಕೋಣೆಗೆ ಹೋದರು. ಬಂದಾಗ ಮುಖ ಸಣ್ಣದಾಗಿತ್ತು. "ಇನ್ನೊಂದೇ ಸಲ ಅಂತೆ," ಎಂದರು.

ಆ ಸಲ ಅಕ್ಕ ಜರಡಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿ ನನಗೆ ಕೊಟ್ಟರು. "ಇಟ್ಕೋ. ನನ್ನ ಕೈ ಸುಮ್ನಿರಲ್ಲ."

ವಾರದ ನಂತರ ಪಟ್ಟಿಗಳನ್ನು ಯಂತ್ರಕ್ಕಿಟ್ಟೆವು. ಹಿಂದೆ ಮುರಿದಿದ್ದ ಅಂಕಿಯನ್ನು ಮುಳ್ಳು ದಾಟಿತು. ಇನ್ನೂ ದಾಟಿತು. ಒಂದೂವರೆ ಪಟ್ಟು ಭಾರಕ್ಕೆ ಮೊದಲ ಬಿರುಕು ಕಂಡಿತು. ನಾನು ಕುಣಿಯುವುದೊಂದು ಬಾಕಿ.

ಅಕ್ಕ ಕುಣಿಯಲಿಲ್ಲ. ದಾಖಲೆ ಪುಸ್ತಕ ತೆರೆದು ನನ್ನ ಜೇಬಿನಿಂದ ಕೆಂಪು ಪೆನ್ನು ತೆಗೆದುಕೊಂಡರು. ಮೊದಲ ಮೂರು ಮಾದರಿಗಳ ಮೇಲೆ, ಸ್ಕೇಲು ಇಟ್ಟು, ನೇರವಾಗಿ ಗೆರೆ ಎಳೆದರು. ಪಕ್ಕದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆದರು: ಜರಡಿ ಹಿಡಿದದ್ದು ನಾನು.